ದೇವರ ಭಯ ಕಾಯುವುದು ಏನನ್ನು?

ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ದಾರಿಯಿರಲಿ, ಹೊಸನಗರ, ತೀರ್ಥಹಳ್ಳಿಯ ಒಳರಸ್ತೆಗಳಿರಲಿ, ತೋಟದ ದಣಪೆಯ ಪಕ್ಕ ಸಣ್ಣದೊಂದು ತಗಡಿನ ಬೋರ್ಡು ಕಂಡೇ ಕಾಣುತ್ತದೆ. ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿ ಅಮ್ಮನವರ ಕಾವಲಿದೆ ಎಂದು ಅದರಲ್ಲಿ ಬರೆದಿರುತ್ತದೆ. ಅಡಿಕೆ ತೋಟ, ಪಂಪ್‌ಸೆಟ್ಟಿನ ಶೆಡ್ಡು, ಕಟ್ಟುತ್ತಿರುವ ಮನೆಯ ಮುಂದೆ ರಾಶಿ ಹಾಕಿದ ಕಬ್ಬಿಣ, ಎಲ್ಲಕ್ಕೂ ಅದೇ ಕಾವಲು. ಈಗ ಬೋರ್ಡು ಘಟ್ಟ ಇಳಿದು ಕರಾವಳಿಗೂ ಹೋಗಿದೆ, ಬಯಲುಸೀಮೆಗೂ ಹೋಗಿದೆ. ಅದು ಕೆಲಸ ಮಾಡುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಠಾಣೆಗೆ ದೂರು ಕೊಟ್ಟರೂ ಸಿಗದಿದ್ದ ಅಡಿಕೆ ಮೂಟೆ ದೇವಿಗೆ ಹೇಳಿಕೊಂಡ ಮೇಲೆ ರಾತ್ರೋರಾತ್ರಿ ಅಂಗಳಕ್ಕೆ ಬಂದು ಕೂತ ಕಥೆಯನ್ನು ನಮ್ಮ ಕಡೆ ಕೇಳದವರಿಲ್ಲ.

ಆ ಬೋರ್ಡಿನ ಬೆನ್ನಿಗೆ ದೊಡ್ಡದೊಂದು ಅಭಿಪ್ರಾಯ ನಿಂತಿದೆ. ಮನುಷ್ಯ ಸುಳ್ಳು ಹೇಳದೆ, ಕದಿಯದೆ, ಮರ ಕಡಿಯದೆ ಇರಬೇಕಾದರೆ ಮೇಲೊಬ್ಬನ ಹೆದರಿಕೆ ಬೇಕು. ಹಿಂದಿನವರಿಗೆ ಆ ಹೆದರಿಕೆಯಿತ್ತು, ಆದ್ದರಿಂದ ಮಲೆನಾಡಿನಲ್ಲಿ ಸತ್ಯವೂ ಇತ್ತು, ಕಾಡೂ ಇತ್ತು. ಈಗಿನವರಿಗೆ ಹೆದರಿಕೆ ಹೋಯಿತು, ಎಲ್ಲವೂ ಹೋಯಿತು. ಮದುವೆಮನೆಯ ಚಪ್ಪರದಡಿ ಹಿರಿಯರು ಇದನ್ನು ಹೇಳುತ್ತಾರೆ, ಮಠದ ಸಭೆಗಳಲ್ಲಿ ಹೇಳುತ್ತಾರೆ, ಶಾಲೆಯ ವಾರ್ಷಿಕೋತ್ಸವದ ಅತಿಥಿಗಳು ಹೇಳುತ್ತಾರೆ. ಪರಿಸರದ ಗೋಷ್ಠಿಗಳಲ್ಲೂ ನಮ್ಮ ಪೂರ್ವಜರು ಪ್ರಕೃತಿಯನ್ನು ದೇವರೆಂದು ಕಂಡರು ಎಂಬ ಮಾತಿಗೇ ಹೆಚ್ಚು ಚಪ್ಪಾಳೆ ಬೀಳುತ್ತದೆ. ಇದು ಎಷ್ಟು ಹಳೆಯ ಮಾತೆಂದರೆ ಯಾರೂ ಅದನ್ನು ತೂಗಿ ನೋಡಲು ಹೋಗುವುದಿಲ್ಲ.

ತೂಗಿ ನೋಡಿದರೆ ಅದು ನಿಲ್ಲುವುದಿಲ್ಲ ಎಂಬುದು ನನ್ನ ವಾದ. ದೇವಿಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ನಾವು ಆಕೆಯ ಕೈಗೆ ಕೊಟ್ಟಿರುವ ಕೆಲಸ ಯಾವುದು ಎಂದು ಮಾತ್ರ ಕೇಳುತ್ತಿದ್ದೇನೆ.

ಬೋರ್ಡು ಕಾಯುವುದು ಬೇಲಿಯೊಳಗಿನದನ್ನು. ಅಲ್ಲಿ ಒಬ್ಬ ಯಜಮಾನನಿದ್ದಾನೆ, ಅವನ ಕೊನೆ, ಅವನ ಮೋಟರು, ಅವನ ಕಾಯಿ ಇವೆ. ರಾತ್ರಿ ಆ ದಣಪೆಯ ಹತ್ತಿರ ಬಂದು ಹಿಂದೆ ಸರಿಯುವವನು ಬಹುತೇಕ ಒಬ್ಬ ಬಡವ. ಸರಿ, ಕಳ್ಳತನ ತಪ್ಪು. ಆದರೆ ಅದೇ ಬೇಲಿ ಕಳೆದ ವರ್ಷ ಎಲ್ಲಿತ್ತು, ಈ ವರ್ಷ ಎಲ್ಲಿದೆ? ಕಾನಿನ ಅಂಚನ್ನು ಗೇಣು ಗೇಣಾಗಿ ಕೊರೆದು, ಹೆಮ್ಮರಗಳ ಬುಡ ಸುಟ್ಟು, ಜೆಸಿಬಿಯಿಂದ ಕಪ್ಪು ತೆಗೆಸಿ ಮಾಡಿದ ಹೊಸ ಅಡಿಕೆ ತೋಟಕ್ಕೂ ಅದೇ ಬೋರ್ಡು ತೂಗುತ್ತಿದೆ. ಆ ಮರಗಳಿಗೆ ಬೋರ್ಡು ಇರಲಿಲ್ಲ. ಅವು ಯಾರದ್ದೂ ಆಗಿರಲಿಲ್ಲ, ಅಂದರೆ ಎಲ್ಲರದ್ದಾಗಿದ್ದವು. ಹಾಗೆ ಒಳಗೆ ಹಾಕಿಕೊಂಡದ್ದರ ಮೇಲೆಯೇ ದೇವಿಯನ್ನು ಕಾವಲಿಗೆ ನಿಲ್ಲಿಸಿದರೆ ಭಯಕ್ಕೆ ನ್ಯಾಯ ಅನ್ಯಾಯದ ಗುರುತಿಲ್ಲ ಎಂದೇ ಆಯಿತು. ಯಾರು ಅದನ್ನು ಮೊದಲು ತಗಡಿನ ಮೇಲೆ ಬರೆಸಿದನೋ ಅವನ ಕಡೆಗೆ ಅದು ನಿಲ್ಲುತ್ತದೆ.

ಸತ್ಯದ ವಿಷಯಕ್ಕೆ ಬಂದರೆ ನಮ್ಮ ತಾಲ್ಲೂಕಿನ ಚರಿತ್ರೆಯೇ ಸಾಕ್ಷಿ ಹೇಳುತ್ತದೆ. 1951ರಲ್ಲಿ ಸಾಗರದ ಪಕ್ಕದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಸಮಾಜವಾದಿಗಳು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೋರಾಟದ ಕಿಡಿ ಹೊತ್ತಿದ್ದು ಒಂದು ಕೊಳಗದಿಂದ. ಗೇಣಿ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ಲೆಕ್ಕಕ್ಕಿಂತ ದೊಡ್ಡದು ಎಂಬುದು ರೈತರ ದೂರು. ಯೋಚಿಸಿ ನೋಡಿ. ಆ ಕಾಲ ನಾವು ಈಗ ಹಂಬಲಿಸುವ ದೇವರ ಭಯದ ಕಾಲ. ಅಳೆಯುವವರೂ ದೈವಭಕ್ತರು, ಅಳೆಸಿಕೊಳ್ಳುವವರೂ ದೈವಭಕ್ತರು. ಒಂದೇ ಊರಿನ ಒಂದೇ ದೇವರಿಗೆ ಇಬ್ಬರೂ ಕೈ ಮುಗಿಯುತ್ತಿದ್ದರು. ಭತ್ತದ ಮೊದಲ ಕೊಳಗವನ್ನು ದೇವರ ಹೆಸರು ಹೇಳಿಯೇ ಅಳೆಯುವ ರೂಢಿ ನಮ್ಮದು. ಹಾಗಿದ್ದೂ ಕೊಳಗದ ಸುಳ್ಳು ತಲೆಮಾರುಗಟ್ಟಲೆ ನಡೆಯಿತು. ಅದನ್ನು ನಿಲ್ಲಿಸಿದ್ದು ಯಾವ ದೈವದ ಸಿಟ್ಟೂ ಅಲ್ಲ. ಅಳತೆ ಸರಿಯಿಲ್ಲ ಎಂದು ಒಡೆಯನ ಅಂಗಳದಲ್ಲೇ ನಿಂತು ಹೇಳಿದ ಜನ ಅದನ್ನು ನಿಲ್ಲಿಸಿದರು. ಹಾಗೆ ಹೇಳಲು ಅವರು ಮೊದಲು ಗೆಲ್ಲಬೇಕಾಗಿದ್ದುದು ಭಯವನ್ನೇ.

ಆಣೆಯ ಮಾತೂ ಅಷ್ಟೆ. ಸಿಗಂದೂರಿನಲ್ಲಿ, ಧರ್ಮಸ್ಥಳದಲ್ಲಿ ಆಣೆ ಮಾಡುವುದು ನಮ್ಮಲ್ಲಿ ಕೋರ್ಟಿಗಿಂತ ಮೇಲಿನ ಕೋರ್ಟು. 2011ರ ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯವರೇ ಆದ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಮಂಜುನಾಥನ ಸನ್ನಿಧಿಯಲ್ಲಿ ಪ್ರಮಾಣ ಮಾಡಿ ಎಂದು ಎಚ್.ಡಿ. ಕುಮಾರಸ್ವಾಮಿಯವರಿಗೆ ಸವಾಲು ಹಾಕಿದರು. ರಾಜ್ಯವೇ ಆ ದಿನ ಟಿ.ವಿ. ಮುಂದೆ ಕೂತಿತ್ತು. ಇಬ್ಬರೂ ಧರ್ಮಸ್ಥಳಕ್ಕೆ ಹೋದರು, ದರ್ಶನ ಮಾಡಿದರು, ಪ್ರಮಾಣ ಮಾತ್ರ ಆಗಲಿಲ್ಲ. ಯಾರು ಸುಳ್ಳು, ಯಾರು ನಿಜ ಎಂಬುದು ನನ್ನ ವಿಷಯವಲ್ಲ. ಸಾರ್ವಜನಿಕ ಆರೋಪವೊಂದಕ್ಕೆ ಕಡತ ತೆಗೆದು, ಸಾಕ್ಷಿ ಕೇಳಿ, ತನಿಖೆ ಮಾಡುವ ಜವಾಬ್ದಾರಿಯನ್ನು ದೇವರ ಮೆಟ್ಟಿಲ ಮೇಲೆ ಇಳಿಸಿಬಿಡಬಹುದು ಎಂದು ನಾವೆಲ್ಲ ಒಂದು ವಾರ ನಂಬಿದೆವಲ್ಲ, ಅದು ನನ್ನನ್ನು ಕಾಡುತ್ತದೆ. ಆಣೆಗೆ ಹೆದರಿ ಬಾಯಿಬಿಡುವವನು ಸತ್ಯವನ್ನು ಪ್ರೀತಿಸಬೇಕೆಂದಿಲ್ಲ. ಅವನಿಗೆ ತನ್ನ ಮಕ್ಕಳು, ದನಕರು ಸುಖವಾಗಿದ್ದರೆ ಸಾಕು. ಆಣೆಗೆ ಹೆದರದವನ ಮುಂದೆ ಈ ವ್ಯವಸ್ಥೆಗೆ ಬೇರೆ ಉಪಾಯವೇ ಇಲ್ಲ.

ಇನ್ನು ಕಾಡು. ಈ ಅಭಿಪ್ರಾಯದ ಅತಿ ಗಟ್ಟಿಯಾದ ಕಂಬ ಇದೇ. ಚೌಡಿಬನ, ನಾಗಬನ, ಭೂತನ ಬನ ಎಂದು ಬಿಟ್ಟದ್ದರಿಂದಲೇ ಅಲ್ಲಲ್ಲಿ ನಾಲ್ಕು ಹಳೆಯ ಮರ ಉಳಿದಿವೆ ಎನ್ನುತ್ತಾರೆ. ಉಳಿದಿವೆ, ನಿಜ. ಆದರೆ ಈ ಮೂರು ತಾಲ್ಲೂಕುಗಳ ಬನಗಳನ್ನು ಒಂದು ಸುತ್ತು ನೋಡಿ ಬನ್ನಿ. ಚೌಡಿಬನ ಇದ್ದಲ್ಲಿ ಈಗ ಚೌಡಿಯ ಗುಡಿ ಇದೆ. ನೆಲಕ್ಕೆ ಟೈಲ್ಸು, ಸುತ್ತ ಸ್ಟೀಲಿನ ಕಟಾಂಜನ, ಮೇಲೆ ಶೀಟು, ಮುಂದೆ ವಾಹನ ನಿಲ್ಲಿಸಲು ಜಾಗ. ದೇವರಿಗೆ ನೆರಳಾಗಿದ್ದ ಮರವನ್ನು ದೇವರ ಹೆಸರಿನಲ್ಲೇ ತೆಗೆದಿದ್ದಾರೆ. ಭಕ್ತಿ ಕಡಿಮೆಯಾಗಿ ಬನ ಹಾಳಾಗಿದ್ದರೆ ಹಿರಿಯರ ಮಾತು ನಿಜವಾಗುತ್ತಿತ್ತು. ಇಲ್ಲಿ ಆಗಿರುವುದು ಉಲ್ಟಾ. ಭಕ್ತಿ ಬೆಳೆದಿದೆ, ಜಾತ್ರೆ ಬೆಳೆದಿದೆ, ಹುಂಡಿ ಬೆಳೆದಿದೆ, ಮರ ಕಡಿಮೆಯಾಗಿದೆ.

ಹಾಗಾದರೆ ಹಿಂದೆ ಕಾನು ಉಳಿದದ್ದು ಹೇಗೆ? 1868ರಲ್ಲಿ ಆಗಿನ ಸರ್ಕಾರದ ಅರಣ್ಯಾಧಿಕಾರಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬವರು ಪಕ್ಕದ ಸೊರಬದ ಕಾನುಗಳ ಬಗ್ಗೆ ವರದಿ ಬರೆದರು. ಕಾನು ಎಂದರೆ ಯಾರೂ ಕಾಲಿಡದ ದೇವರ ಕಾಡಾಗಿರಲಿಲ್ಲ. ಜನ ಅದರೊಳಗೆ ಕಾಳುಮೆಣಸು ಕೊಯ್ಯುತ್ತಿದ್ದರು, ಬೈನೆ ಇಳಿಸುತ್ತಿದ್ದರು, ಜೇನು ತೆಗೆಯುತ್ತಿದ್ದರು, ಅದಕ್ಕೆ ಕಂದಾಯವನ್ನೂ ಕಟ್ಟುತ್ತಿದ್ದರು. ಕೆಳಗಿನ ಗದ್ದೆಗೆ ನೀರು ಬರುವುದು ಕಾನಿನ ಬುಡದಿಂದ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರು ಎಷ್ಟು ತೆಗೆಯಬೇಕು, ಯಾವಾಗ ತೆಗೆಯಬಾರದು ಎಂಬ ಕಟ್ಟುಪಾಡು ಊರಿನದ್ದಾಗಿತ್ತು. ಮೀರಿದವನು ನೆರೆಮನೆಯವನಿಗೆ ಮುಖ ತೋರಿಸಬೇಕಿತ್ತು. ದೇವರು ಆ ಕಟ್ಟುಪಾಡಿಗೆ ಸಾಕ್ಷಿಯಾಗಿದ್ದ, ನಿಜ. ಆದರೆ ಕಾವಲಿನ ಕೆಲಸವನ್ನು ಊರೇ ಮಾಡುತ್ತಿತ್ತು. ಮುಂದೆ ಹಕ್ಕು ಊರಿನ ಕೈತಪ್ಪಿ ಇಲಾಖೆಯ ಕೈಗೆ ಹೋಯಿತು. 1980ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆಗೆ ಮಲೆನಾಡಿನ ಸಾವಿರಾರು ಹೆಕ್ಟೇರ್ ಭೂಮಿ 40 ವರ್ಷದ ಗುತ್ತಿಗೆಗೆ ಹೋಯಿತು. ಬಗೆಬಗೆಯ ಮರವಿದ್ದ ಗುಡ್ಡಗಳಲ್ಲಿ ಅಕೇಶಿಯಾ ಸಾಲು ಎದ್ದಿತು. 2020ರಲ್ಲಿ ಗುತ್ತಿಗೆ ಮುಗಿದಾಗ ಮತ್ತೆ 40 ವರ್ಷಕ್ಕೆ ಮುಂದುವರಿಸುವ ಆದೇಶ ಬಂತು. ಆ ಗುಡ್ಡಗಳಲ್ಲೂ ಚೌಡಿ ಇದ್ದಳು, ಭೂತಪ್ಪ ಇದ್ದ. ಹೆದರುವವರೂ ಇದ್ದರು. ಅಕೇಶಿಯಾ ಬೇಡ ಎಂದು ಬೀದಿಗಿಳಿದವರು ಹೇಳಿದ ಕಾರಣಗಳು ಬೇರೆ: ಅಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ದನಕ್ಕೆ ಮೇವಿಲ್ಲ, ಹಕ್ಕಿಗೆ ಹಣ್ಣಿಲ್ಲ, ಒರತೆ ಬತ್ತುತ್ತದೆ.

ಒಪ್ಪಲೇಬೇಕಾದ ಒಂದು ಉದಾಹರಣೆ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ ಸಿದ್ಧಿವಿನಾಯಕನ ಗುಡಿಯ ಬಳಿ ತುಂಗೆಯ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ದೊಡ್ಡ ದೊಡ್ಡ ಮೀನುಗಳು ಮನುಷ್ಯನ ಕಾಲಬುಡಕ್ಕೆ ಬಂದು ಮಂಡಕ್ಕಿ ತಿನ್ನುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ. ನಂಬಿಕೆ ಜೀವ ಉಳಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೆ ಮಡುವಿನ ಮೇಲೂ ತುಂಗೆ ಇದೆ, ಕೆಳಗೂ ಇದೆ. ಅಲ್ಲಿ ಬಲೆ ಬೀಳುತ್ತದೆ, ಮರಳು ಎತ್ತುತ್ತಾರೆ, ಪೇಟೆಯ ಕೊಳಚೆ ಸೇರುತ್ತದೆ. ಮೀನಿಗೆ ದೇವರ ಗಡಿ ಗೊತ್ತಿಲ್ಲ, ನೀರಿಗೂ ಗೊತ್ತಿಲ್ಲ. ಗುಡಿ ಕಾಣುವಷ್ಟು ದೂರ ಮಾತ್ರ ಕೈ ತಡೆಯುವ ಭಕ್ತಿ, ನದಿಯನ್ನೇ ಕುಡಿದು ಬದುಕುವ ಜನಕ್ಕೆ ಸಾಲದು.

ತುಂಗೆಯ ದಡದಲ್ಲೇ ಇನ್ನೊಂದು ಕಥೆ ಇದೆ. ನಾವು ಅದನ್ನು ತಪ್ಪಾಗಿ ಓದಿಕೊಂಡು ಬಂದಿದ್ದೇವೆ ಎಂಬ ಸಂಕಟ ನನಗೆ. ಪರಶುರಾಮ ತಂದೆ ಜಮದಗ್ನಿಯ ಮಾತಿಗೆ ಕಟ್ಟುಬಿದ್ದು ತಾಯಿ ರೇಣುಕೆಯ ತಲೆ ಕಡಿದ. ಕೊಡಲಿಗೆ ಹತ್ತಿದ ರಕ್ತ ಎಷ್ಟು ತೀರ್ಥಗಳಲ್ಲಿ ತೊಳೆದರೂ ಹೋಗಲಿಲ್ಲ, ಎಳ್ಳಿನಷ್ಟು ಕಲೆ ಉಳಿದೇ ಉಳಿಯಿತು. ತೀರ್ಥಹಳ್ಳಿಯಲ್ಲಿ ತುಂಗೆಗೆ ಅದ್ದಿದಾಗ ಅದೂ ಹೋಯಿತು ಎಂದು ಸ್ಥಳಪುರಾಣ. ಎಳ್ಳಮಾವಾಸ್ಯೆಯ ಜಾತ್ರೆಗೆ ಸಾವಿರಾರು ಜನ ರಾಮಕೊಂಡದಲ್ಲಿ ಮುಳುಗು ಹಾಕುವುದು ಇದೇ ನಂಬಿಕೆಯಿಂದ. ಎಂಥ ಪಾಪವನ್ನೂ ತುಂಗೆ ತೊಳೆಯುತ್ತಾಳೆ ಎಂಬುದನ್ನಷ್ಟೇ ನಾವು ಕಥೆಯಿಂದ ಎತ್ತಿಕೊಂಡಿದ್ದೇವೆ.

ಆದರೆ ಕಥೆ ಕಟ್ಟಿದವರು ಎಷ್ಟು ಧೈರ್ಯವಂತರು ನೋಡಿ. ಪರಶುರಾಮ ಮಾಡಿದ್ದು ಆಜ್ಞೆಯ ಪಾಲನೆ. ತಂದೆ ಋಷಿ, ಅವನ ಮಾತು ಶಾಸ್ತ್ರಕ್ಕೆ ಸಮಾನ. ಪಾಲಿಸಿದ ಮಗನಿಗೆ ತಂದೆ ಮೆಚ್ಚಿ ವರ ಕೊಟ್ಟ. ಆ ವರದಿಂದ ತಾಯಿ ಬದುಕಿಯೂ ಬಂದಳು. ಧರ್ಮದ ಲೆಕ್ಕ ಅಲ್ಲಿಗೆ ಚುಕ್ತಾ. ಭಯ, ಭಕ್ತಿ, ವಿಧೇಯತೆಗಳೇ ನೀತಿಯ ಬೇರಾಗಿದ್ದರೆ ಕೊಡಲಿ ಫಳಫಳ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎಳ್ಳಿನಷ್ಟು ಕಲೆ ಉಳಿಯಿತು. ಹೇಳಿದವರು ಸಾಕ್ಷಾತ್ ತಂದೆಯೇ ಆದರೂ ಕಡಿದದ್ದು ನನ್ನ ಕೈ ಎಂಬ ತಿಳಿವು ಅದು. ಇದನ್ನೇ ನಾನು ಅಂತಃಸಾಕ್ಷಿ ಎನ್ನುತ್ತೇನೆ. ಹೆದರಿಕೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅದು ಶುರುವಾಗುತ್ತದೆ. ಇನ್ನು ಶಿಕ್ಷೆ ಇಲ್ಲ, ಕೇಳುವವರಿಲ್ಲ, ಮೇಲಿನವರೂ ಒಪ್ಪಿದ್ದಾರೆ ಎಂದ ಮೇಲೂ ಕೈ ನೋಡಿಕೊಳ್ಳುವಂತೆ ಮಾಡುತ್ತದೆ. ಆ ಕಲೆಯನ್ನು ಹೊತ್ತು ಊರೂರು ಅಲೆದ ಪರಶುರಾಮನನ್ನು ಮರೆತು, ಒಂದು ಮುಳುಗಿಗೆ ತೊಳೆದುಹೋಯಿತು ಎಂಬ ಕೊನೆಯ ಸಾಲನ್ನು ಮಾತ್ರ ನಾವು ಜಾತ್ರೆ ಮಾಡಿಕೊಂಡಿದ್ದೇವೆ.

ನಮ್ಮ ಕೈಯಲ್ಲೂ ಒಂದು ಕಲೆ ಇದೆ. ಅದರ ಹೆಸರು ಮುಳುಗಡೆ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರವನ್ನು ಹಾದು ಸಾಗರಕ್ಕೆ ಬರುತ್ತಾಳೆ. 1948ರಲ್ಲಿ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು ಆಯಿತು. 1964ರಲ್ಲಿ ಲಿಂಗನಮಕ್ಕಿ ಎದ್ದು ಅದನ್ನೂ ಮುಳುಗಿಸಿತು. ನೀರಿನ ಪೂರ್ಣ ಮಟ್ಟ 1819 ಅಡಿ. ಅದರಡಿ ಹೋದದ್ದು ಹೊಳೆಯ ಎರಡೂ ದಂಡೆಯ ಗದ್ದೆ, ತೋಟ, ಕಾನು, ಗುಡಿ, ಸುಡುಗಾಡು. ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್‌ನಿಂದ ರಾಜ್ಯದ ಪೇಟೆಗಳು ಬೆಳಗಿದವು, ಕಾರ್ಖಾನೆಗಳು ನಡೆದವು. ಒಕ್ಕಲೆದ್ದ ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಕಾಡಿನ ನಡುವೆ ಇಳಿಸಿದರು. ಪರಿಹಾರ ಹೋದದ್ದು ದಾಖಲೆಯಲ್ಲಿ ಹೆಸರಿದ್ದವರಿಗೆ. ಉಳುತ್ತಿದ್ದವನ ಹೆಸರನ್ನು ದಾಖಲೆಗೆ ತಂದ ದೇವರಾಜ ಅರಸರ ಭೂಸುಧಾರಣೆ ಜಾರಿಯಾದದ್ದು 1974ರಲ್ಲಿ, ನೀರು ನಿಂತು ಹತ್ತು ವರ್ಷವಾದ ಮೇಲೆ. ಇಳಿಸಿದ ಜಾಗಕ್ಕೂ ಸರಿಯಾದ ಹಕ್ಕುಪತ್ರವಿಲ್ಲ. ಕಂದಾಯ ಇಲಾಖೆ ಕೊಟ್ಟದ್ದನ್ನು ಅರಣ್ಯ ಇಲಾಖೆ ಒಪ್ಪುವುದಿಲ್ಲ. ಅರವತ್ತು ವರ್ಷ ದಾಟಿದರೂ ಮೂರನೆಯ ತಲೆಮಾರು ಅದೇ ಅರ್ಜಿ ಹಿಡಿದು ಕಚೇರಿ ಅಲೆಯುತ್ತಿದೆ.

ಈ ನೋವನ್ನು ಕನ್ನಡಕ್ಕೆ ಕೊಟ್ಟವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಅಣೆಕಟ್ಟಿನ ಕೆಲಸವನ್ನು ಹತ್ತಿರದಿಂದ ಕಂಡವರು. 'ಮುಳುಗಡೆ', 'ದ್ವೀಪ' ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಮುಳುಗಿದ ಊರಿನ ಹೆಚ್ಚಿನವರು ಅವರ ಧರ್ಮದವರಲ್ಲ, ಜಾತಿಯವರಲ್ಲ. ಸಂಬಳ ಕೊಡುವ ಇಲಾಖೆಯೇ ಕಟ್ಟುತ್ತಿದ್ದ ಯೋಜನೆಯ ಇನ್ನೊಂದು ಮುಖವನ್ನು ಬರೆಯಲು ಅವರನ್ನು ಯಾವ ಬೋರ್ಡೂ ಹೆದರಿಸಿರಲಿಲ್ಲ.

ಲಿಂಗನಮಕ್ಕಿಯ ಅದೇ ಹಿನ್ನೀರಿನ ಮೇಲೆ, ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ, 2025ರ ಜುಲೈ 14ರಂದು ಸೇತುವೆ ತೆರೆಯಿತು. 2 ಕಿಲೋಮೀಟರಿಗೂ ಹೆಚ್ಚು ಉದ್ದ, 400 ಕೋಟಿ ರೂಪಾಯಿ ಮೀರಿದ ಖರ್ಚು. ಎಲ್ಲರ ಬಾಯಲ್ಲೂ ಅದು ಸಿಗಂದೂರು ಸೇತುವೆ. ಅಮ್ಮನ ಮಹಿಮೆಯಿಂದ ಸೇತುವೆ ಆಯಿತು ಎಂದು ಹೇಳುವುದನ್ನು ಈಗ ದಿನವೂ ಕೇಳುತ್ತೇನೆ. ಹೇಳುವವರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಇದು ನಿಜವಲ್ಲ. ನಿಜವಲ್ಲದ್ದನ್ನು ಭಕ್ತಿಯ ಹೆಸರಿನಲ್ಲಿ ಬಿಡಬಾರದು. ತುಮರಿಯ ಕಡೆಯವರು, ಕರೂರು, ಬಾರಂಗಿ ಹೋಬಳಿಗಳ ಜನ ದಶಕಗಟ್ಟಲೆ ಬೇಡಿ, ಹೋರಾಡಿ ತಂದ ಸೇತುವೆ ಇದು. ಹೆರಿಗೆ ನೋವು ಎದ್ದ ಹೆಂಗಸನ್ನು, ಹಾವು ಕಚ್ಚಿದವನನ್ನು ಸಂಜೆ ಲಾಂಚ್ ನಿಂತ ಮೇಲೆ ದಾಟಿಸಲಾಗದೆ ದಡದಲ್ಲಿ ಕೂತವರ ಸೇತುವೆ. ಯಾತ್ರಿಕರಿಗೆ ಲಾಂಚ್ ಒಂದು ಮೋಜಾಗಿತ್ತು, ಆಚೆ ದಡದವರಿಗೆ ಅದೇ ಬಾಗಿಲು, ಅದೇ ಚಿಲಕ. ರಾಜ್ಯಕ್ಕೆ ಬೆಳಕು ಕೊಟ್ಟು ತಾವು ದ್ವೀಪವಾದವರಿಗೆ ಸಲ್ಲಬೇಕಾಗಿದ್ದ ಹಳೆಯ ಸಾಲದ ಒಂದು ಕಂತು ಅರವತ್ತು ವರ್ಷ ತಡವಾಗಿ ಸಂದಿದೆ. ಅದನ್ನು ಮಹಿಮೆ ಎಂದು ಕರೆದ ಕೂಡಲೇ ಸಾಲಗಾರ ಮಾಯವಾಗುತ್ತಾನೆ. ಯಾರು ತಡಮಾಡಿದರು, ಉಳಿದ ಕಂತು ಎಲ್ಲಿ ಎಂದು ಕೇಳುವವರೇ ಇರುವುದಿಲ್ಲ.

ಇಷ್ಟು ಹೇಳಿದರೆ ನನ್ನನ್ನು ವಿಚಾರವಾದಿಗಳ ಪಟ್ಟಿಗೆ ಸೇರಿಸುತ್ತಾರೆ. ಸೇರಿಸಲಿ, ಬೇಸರವಿಲ್ಲ. ಆದರೆ ನಂಬಿಕೆ ಬಿಟ್ಟ ಮಾತ್ರಕ್ಕೆ ಅಂತಃಸಾಕ್ಷಿ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಅಕೇಶಿಯಾದ ಲೆಕ್ಕ ಬರೆದವರು, ಮುಳುಗಡೆಯ ನಕ್ಷೆ ಎಳೆದವರು ಯಾವ ಭೂತಕ್ಕೂ ಹೆದರದೆ ಬರೆದವರೇ. ಶಿವರಾಮ ಕಾರಂತರು ದೇವರ ವಿಷಯದಲ್ಲಿ ತಮಗೆ ತಿಳಿಯದು ಎಂದವರು. ಅವರೇ ಕೈಗಾ ಅಣುಸ್ಥಾವರದ ವಿರುದ್ಧ ನಿಂತು ಇಳಿವಯಸ್ಸಿನಲ್ಲಿ, 1989ರಲ್ಲಿ, ಲೋಕಸಭಾ ಚುನಾವಣೆಗೂ ಸ್ಪರ್ಧಿಸಿದರು. ಕುಪ್ಪಳಿಯ ಕುವೆಂಪು ರಾಮಕೃಷ್ಣರನ್ನು ಗುರುವೆಂದು ನಂಬಿದವರು. ಅವರೇ ಪುರೋಹಿತಶಾಹಿಯ ಭಯವನ್ನು ಕಿತ್ತೊಗೆಯಿರಿ ಎಂದು ವಿದ್ಯಾರ್ಥಿಗಳಿಗೆ ಕರೆ ಕೊಟ್ಟರು. ಸ್ವರ್ಣವಲ್ಲಿಯ ಶ್ರೀಗಳು ಮಠದ ಪೀಠದಲ್ಲಿ ಕೂತೇ ಬೇಡ್ತಿ, ಅಘನಾಶಿನಿ ಕೊಳ್ಳಗಳನ್ನು ಉಳಿಸುವ ಹೋರಾಟಕ್ಕೆ ಮುಂದಾಳಾಗಿದ್ದಾರೆ. ಒಬ್ಬರಿಗೆ ದೇವರಿದ್ದಾನೆ, ಒಬ್ಬರಿಗೆ ಇದ್ದಾನೋ ಇಲ್ಲವೋ ತಿಳಿಯದು, ಇನ್ನೊಬ್ಬರಿಗೆ ಬೇರೆ ಬಗೆಯಲ್ಲಿ ಇದ್ದಾನೆ. ಇವರನ್ನು ಒಂದೇ ಕಡೆ ತಂದು ನಿಲ್ಲಿಸಿದ್ದು, ತಮ್ಮದಲ್ಲದ ಒಂದಕ್ಕೆ ತಾವು ಉತ್ತರ ಹೇಳಬೇಕು ಎಂಬ ಅರಿವು. ನಂಬಿಕೆ ಆ ಅರಿವನ್ನು ಗಟ್ಟಿ ಮಾಡಬಲ್ಲುದು. ಅದರ ಜಾಗದಲ್ಲಿ ತಾನೇ ಕೂತರೆ ಕೆಡುತ್ತದೆ.

ಈಗ ಶರಾವತಿ ಕಣಿವೆಯ ಮುಂದೆ ಮತ್ತೊಂದು ಯೋಜನೆ ನಿಂತಿದೆ. ಗೇರುಸೊಪ್ಪದ ಕೆಳಗಿನ ಜಲಾಶಯದಿಂದ ತಲಕಳಲೆಗೆ ನೀರನ್ನು ಮೇಲೆತ್ತಿ, ಬೇಡಿಕೆ ಹೆಚ್ಚಿದ ಹೊತ್ತಿಗೆ ಮತ್ತೆ ಕೆಳಗೆ ಬಿಟ್ಟು 2000 ಮೆಗಾವಾಟ್ ತೆಗೆಯುವುದು ಅದರ ಲೆಕ್ಕ. ಎತ್ತಲು ಬೇಕಾಗುವ ಕರೆಂಟು ಇಳಿಸಿ ಪಡೆಯುವುದಕ್ಕಿಂತ ಹೆಚ್ಚು. ಸುರಂಗ ಕೊರೆಯಬೇಕಾಗಿರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಆ ಕಾಡಿಗೆ ಯಾರೂ ತಗಡಿನ ಬೋರ್ಡು ಕಟ್ಟಿಲ್ಲ, ಕಟ್ಟಿದರೂ ಸುರಂಗದ ಯಂತ್ರ ಅದನ್ನು ಓದುವುದಿಲ್ಲ.

ಸೇತುವೆ ದಾಟಿ ಸಿಗಂದೂರಿಗೆ ಹೋಗುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ ಇದು. ಅಮ್ಮನಿಗೆ ಕೈ ಮುಗಿಯಿರಿ, ಹಣ್ಣುಕಾಯಿ ಮಾಡಿಸಿ. ಬರುವಾಗ ತುಮರಿಯಲ್ಲಿ ಗಾಡಿ ನಿಲ್ಲಿಸಿ, ಹಕ್ಕುಪತ್ರಕ್ಕೆ ಕಾಯುತ್ತಿರುವವರ ಮಾತು ಕೇಳಿ. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮುಳುಗಡೆಯವರ ಭೂಮಿಯ ಬಗ್ಗೆಯೂ ಕಣಿವೆಯ ಕಾಡಿನ ಬಗ್ಗೆಯೂ ನಿರ್ಣಯ ಬರೆಸಿ, ಕೆಳಗೆ ನಿಮ್ಮ ಹೆಸರು ಹಾಕಿ, ಸಹಿ ಮಾಡಿ. ಈ ಕೆಲಸವನ್ನು ದೇವಿಗೆ ಒಪ್ಪಿಸಬೇಡಿ.